ಗುಳ್ಳಕಟ್ಟೆ ಏರಿಯ ಮೇಲೊಬ್ಬ ಕಂಡಕ್ಟರ್

ಸಿದ್ದರಾಜು ಕೂತಿದ್ದನ್ನು ಕಂಡವರು ಪಾಂಡವಪುರದಲ್ಲಿ ಕಡಿಮೆ. ಮೂವತ್ತೊಂದು ವರ್ಷ ಕೆಂಪು ಬಸ್ಸಿನ ಕಂಡಕ್ಟರ್ ಆಗಿ ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ ಎಂದು ನಿಂತುಕೊಂಡೇ ಲೋಕ ಸುತ್ತಿದವರು. ನಿವೃತ್ತಿಯ ದಿನ ಡಿಪೋದವರು ಹಾರ ಹಾಕಿ ಒಂದು ಕುರ್ಚಿಯನ್ನು ಉಡುಗೊರೆ ಕೊಟ್ಟರು. ಆ ಕುರ್ಚಿಯ ಮೇಲೆ ಇವತ್ತಿಗೂ ಒಗೆದ ಬಟ್ಟೆ ಕೂರುತ್ತದೆ, ಸಿದ್ದರಾಜು ಕೂರುವುದಿಲ್ಲ. ವೃತ್ತಿ ಹೋಗಿತ್ತು, ಪ್ರವೃತ್ತಿ ಹೋಗಿರಲಿಲ್ಲ. ಮೊದಲ ವಾರವೆಲ್ಲ ಅಡುಗೆಮನೆಗೂ ಜಗಲಿಗೂ ನಡುವೆ ಟ್ರಿಪ್ಪು ಹೊಡೆದರು. ಬಾಗಿಲಲ್ಲಿ ನಿಂತು ಮಾತಾಡುವ ನೆಂಟರಿಗೆ ಒಳಗೆ ಜಾಗ ಇದೆ, ಮುಂದೆ ಹೋಗಿ ಎಂದರು. ಎಂಟನೆಯ ದಿನ ಹೆಂಡತಿ ಅಣ್ಣಮ್ಮ ಕೈಮುಗಿದು, ಎಲ್ಲಾದರೂ ಸುತ್ತಿಕೊಂಡು ಬನ್ನಿ, ರಾತ್ರಿ ಊಟಕ್ಕೆ ಸಿಕ್ಕರೆ ಸಾಕು ಎಂದು ಬೇಡಿಕೊಂಡರು.

ಸುತ್ತುವುದಕ್ಕೆ ಕೆರೆಗಳು ಸಿಕ್ಕವು. ಅಷ್ಟು ವರ್ಷವೂ ದಾರಿಯ ಕೆರೆಗಳನ್ನು ಅವರು ಪ್ರಯಾಣಿಕರ ಕಂಕುಳ ಸಂದಿಯಿಂದ ಮಾತ್ರ ನೋಡಿದ್ದರು: ಚೂರು ನೀರು, ಎರಡು ಕೊಕ್ಕರೆ, ಅಷ್ಟರಲ್ಲಿ ಯಾರೋ ಚಿಲ್ಲರೆ ಕೇಳುತ್ತಿದ್ದರು. ಈಗ ಇಡೀ ಕೆರೆ ಕಣ್ಣಿಗೆ ಬಿತ್ತು. ಕೆರೆ ಎಂಬುದು ಕನ್ನಡದಲ್ಲಿ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಸಿದ್ದರಾಜು ಅವರ ಅಂಗಾಲಿಗೆ ಎರಡೂ ಒಟ್ಟಿಗೆ ಅಂಟಿಕೊಂಡವು. ಬೆಳಿಗ್ಗೆ ತೊಣ್ಣೂರು ಕೆರೆಯ ಏರಿ, ಮಧ್ಯಾಹ್ನ ಕೆ.ಆರ್.ಎಸ್. ಹಿನ್ನೀರಿನ ಕೆಸರು, ಸಂಜೆ ಬೆಳಗೊಳದ ಗದ್ದೆ ಬದು. ಒಂದು ಕೆರೆಯಲ್ಲಿದ್ದಾಗ ಇನ್ನೊಂದು ಕೆರೆಯಲ್ಲಿ ಏನು ಬಂದು ಇಳಿದಿದೆಯೋ ಎಂಬ ತಳಮಳ. ಅಲ್ಲಿಗೆ ಹೋದರೆ, ಬಿಟ್ಟು ಬಂದದ್ದರ ತಳಮಳ. ರಂಗನತಿಟ್ಟಿಗೆ ಒಂದೇ ಒಂದು ಸಲ ಹೋಗಿದ್ದರು. ದೋಣಿಯವನು ಆರು ಸಲ ಕೂತ್ಕೊಳ್ಳಿ ಎಂದ, ಏಳನೆಯ ಸಲಕ್ಕೆ ದೋಣಿ ವಾಲಿತು. ಆಮೇಲೆ ಅತ್ತ ತಲೆ ಹಾಕಲಿಲ್ಲ.

ಹೀಗೆ ಸುತ್ತುವಾಗ ಅವರಿಗೆ ಸ್ನೇಹ ಎಂಬ ಮೇಡಂ ಸಿಕ್ಕರು. ನಾಗಮಂಗಲದ ಕಡೆ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಹೇಳುವವರು, ಪ್ರತಿ ಜನವರಿಯಲ್ಲಿ ನಾಲ್ಕೈದು ಗೆಳೆಯರನ್ನು ಕಟ್ಟಿಕೊಂಡು ಕೆರೆಗಳ ನೀರುಹಕ್ಕಿ ಎಣಿಸುವವರು. ಸಿದ್ದರಾಜು ಎಣಿಸುವುದನ್ನು ಕಂಡು ಅವರು ದಂಗಾದರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಂದ ಮುಂದಕ್ಕೆ ಒಮ್ಮೆ ಕಣ್ಣಾಡಿಸಿ ಟಿಕೆಟ್ ತೆಗೆದುಕೊಳ್ಳದವನನ್ನು ಹಿಡಿಯುತ್ತಿದ್ದ ಕಣ್ಣು ಅದು. ಹಣೆಗೆ ಬಿಳಿ ನಾಮ ಇಟ್ಟುಕೊಂಡ ನಾಮದ ಕೋಳಿ ಮುಳುಗುತ್ತ ಏಳುತ್ತ ಓದಿಕೊಂಡ ಎಣಿಕೆದಾರರಿಗೂ ನಾಮ ಹಾಕುತ್ತದೆ. ಸಿದ್ದರಾಜು ಅವರಿಗೆ ಹಾಕಲಾಗಲಿಲ್ಲ. ಸ್ನೇಹ ಈ ಕಂಡಕ್ಟರಿಗೊಂದು ದುರ್ಬೀನು ಕೊಡಿಸಿದರು. ಮೂರು ವರ್ಷ ಅವರು ಹೇಳಿದ ಲೆಕ್ಕವನ್ನೇ ಕಣ್ಣುಮುಚ್ಚಿ ಬರೆದುಕೊಂಡರು.

ಈಗ ಗುಳ್ಳಕಟ್ಟೆಯ ವಿಷಯ. ಗುಳ್ಳಕಟ್ಟೆ ಕೆ.ಆರ್. ಪೇಟೆ ತಾಲ್ಲೂಕಿನ ಊರು, ಅಣ್ಣಮ್ಮನ ತವರು. ಅಲ್ಲಿಯ ಕೆರೆಯ ಹಿಂಬದಿ ಬಯಲಿಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಮಸಿಯಲ್ಲಿ ಎಳೆದಂಥ ಎರಡು ಪಟ್ಟೆ. ಹಗಲೆಲ್ಲ ನೀರಂಚಿನಲ್ಲಿ ಮಲಗಿ ಸಂಜೆ ಕುಯ್ದ ಗದ್ದೆಗಳಿಗೆ ಮೇಯಲು ಹೋಗುತ್ತವೆ. ಅದೇ ಕೆರೆಯ ಮೀನಿನ ಗುತ್ತಿಗೆ ಅಣ್ಣಮ್ಮನ ತಮ್ಮ ಲೋಕೇಶನದು. ನೀರುಕಾಗೆಗಳು ಅವನ ಮೀನುಮರಿಗಳನ್ನು ನುಂಗುತ್ತಿದ್ದವು, ಅವನು ಅವುಗಳ ಮೇಲೆ ಪಟಾಕಿ ಹೊಡೆಯುತ್ತಿದ್ದ. ನೀರುಕಾಗೆ ಆ ಸದ್ದಿಗೆ ಎದ್ದು ಒಂದು ಸುತ್ತು ಹೊಡೆದು ಮತ್ತೆ ಅಲ್ಲೇ ಮುಳುಗುತ್ತಿತ್ತು. ಮೀನಿನ ಗೊಡವೆಯೇ ಇಲ್ಲದ ಹೆಬ್ಬಾತುಗಳು ಊರು ಬಿಟ್ಟು ಹೋಗುತ್ತಿದ್ದವು. ಹಿಂದಿನ ವರ್ಷ ಮೂರೇ ದಿನಕ್ಕೆ ಕೆರೆ ಖಾಲಿಯಾಯಿತು. ಇನ್ನೊಂದು ವರ್ಷ ಹೀಗೇ ಎಬ್ಬಿಸಿದರೆ ಈ ಕೆರೆಯನ್ನು ಅವು ಮರೆತೇಬಿಡುತ್ತವೆ ಎಂದು ಸ್ನೇಹ ಹೇಳಿದ ಮಾತು ಸಿದ್ದರಾಜು ಅವರ ಹೊಟ್ಟೆಯಲ್ಲಿ ಕಲ್ಲಿನಂತೆ ಕೂತಿತ್ತು. ಅವರಿಗೆ ಸಂಬಂಧಪಟ್ಟಂತೆ ಕೂತದ್ದು ಅದೊಂದೇ.

ಈ ವರ್ಷ ಡಿಸೆಂಬರ್ ಕೊನೆಗೆ ಹೆಬ್ಬಾತುಗಳು ಮತ್ತೆ ಇಳಿದವು. ಸಿದ್ದರಾಜು ಮೊದಲ ಬಸ್ಸಿಗೇ ಹೋಗಿ, ಹಾಲಿನ ಡೇರಿ ಮುಂದೆ ಬಾಮೈದನನ್ನು ಹಿಡಿದರು. ಡೇರಿಯ ಅಧ್ಯಕ್ಷರಾದ ಚಿಕ್ಕಸ್ವಾಮಿ ಎಂಬ ಹಿರಿಯರೂ ಅಲ್ಲಿದ್ದರು. ಲೋಕೇಶ ಪೂರ್ತಿ ಕೆಟ್ಟವನಲ್ಲ. ಎಲ್ಲೋ ನಾಲ್ಕು ಬಾತು ಮಲಗುತ್ತವೆ ಎಂದು ನನ್ನ ಮೀನನ್ನು ಬಿಟ್ಟುಕೊಡಲಾ ಎಂದು ಕೇಳಿದ. ನಾಲ್ಕಲ್ಲ, ನೂರಾರಿವೆ ಎಂದರು ಭಾವ. ಮಾತು ಬೆಳೆದು ಕೊನೆಗೆ ಲೋಕೇಶ, ಹಾಲು ಹಾಕಲು ಬಂದವರೆಲ್ಲ ಕೇಳುವಂತೆ ಮಾತು ಕೊಟ್ಟ.

"ಐನೂರು ಇದ್ರೆ ಯೋಳು ಭಾವ, ಅವು ಎದ್ದೋಗೋಗಂಟ ಒಂದು ಪಟಾಕಿ ಹಚ್ಚಕಿಲ್ಲ. ಐನೂರಕ್ಕೆ ಒಂದು ಕಮ್ಮಿ ಆದ್ರೂ ನನ್ನ ತಂಟೆಗೆ ಬರ್ಬ್ಯಾಡ."

ಎಣಿಸುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಭಾವ ಸುಳ್ಳು ಲೆಕ್ಕ ಹೇಳುವವರಲ್ಲ ಎಂದು ಲೋಕೇಶನೇ ಒಪ್ಪಿದ. ಜನವರಿಯ ಎಣಿಕೆಯವರೆಗೆ ಪಟಾಕಿ ಮುಟ್ಟುವುದಿಲ್ಲ ಎಂದೂ ಹೇಳಿದ.

ಜನವರಿಯ ಎರಡನೆಯ ಭಾನುವಾರ ಬೆಳಿಗ್ಗೆ, ಮಂಜು ಇನ್ನೂ ನೀರಿನಿಂದ ಎದ್ದಿರಲಿಲ್ಲ, ಎಲ್ಲರೂ ಏರಿಯ ಮೇಲೆ ಸೇರಿದರು. ಚಿಕ್ಕಸ್ವಾಮಿ ಮಫ್ಲರ್ ಸುತ್ತಿಕೊಂಡು ಬಂದಿದ್ದರು. ಸ್ನೇಹ ಪುಸ್ತಕ ಹಿಡಿದು ನಿಂತರು. ಸಿದ್ದರಾಜು ದುರ್ಬೀನು ಹಿಡಿದು ಕೆರೆಯ ಎಡದಿಂದ ಬಲಕ್ಕೆ ಒಂದು ಸಲ, ಬಲದಿಂದ ಎಡಕ್ಕೆ ಒಂದು ಸಲ ಹೋದರು. ಎರಡು ಸಲವೂ ಒಂದೇ ಸಂಖ್ಯೆ ಬಂತು. ಮೂರನೆಯ ಸಲ ಎಣಿಸಿದರು. ಸಂಖ್ಯೆ ಬದಲಾಗಲಿಲ್ಲ. ದುರ್ಬೀನು ಇಳಿಸಿ, ಯಾರ ಮುಖವನ್ನೂ ನೋಡದೆ, ನಾನೂರ ಅರವತ್ತೆಂಟೂವರೆ ಎಂದರು.

ಲೋಕೇಶ ಪಂಚೆ ಎತ್ತಿ ಕಟ್ಟಿ, ಪಟಾಕಿಯ ಡಬ್ಬ ಇಟ್ಟಿದ್ದ ಮೋಟಾರು ಶೆಡ್ಡಿನ ಕಡೆ ಹೊರಟೇಬಿಟ್ಟ. ಸ್ನೇಹ ಬರೆಯುತ್ತಿದ್ದವರು ಪೆನ್ನು ನಿಲ್ಲಿಸಿ ಕೇಳಿದರು.

"ಅರ್ಧ ಹಕ್ಕಿ ಯಾವುದು ಅಂಕಲ್?"

ಸಿದ್ದರಾಜು ಅವರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. ತಲೆಯ ಮೇಲೆ ಪಟ್ಟೆ ಮೂಡದ, ಕತ್ತು ಮಾಸಲಾಗಿರುವ ಕೆಲವನ್ನು ಬೆರಳು ಮಾಡಿ ತೋರಿಸಿ, ಅವು ಈ ವರ್ಷದ ಮರಿಗಳು ಎಂದರು. ಅಷ್ಟು ಎಲ್ಲರಿಗೂ ಗೊತ್ತಿತ್ತು. ಮರಿಗಳಿಗೆ ಅರ್ಧ ಎಂದರು.

"ಅರ್ಧ ಅಂದ್ರೆ?"

"ಆಫ್ ಟಿಕೆಟ್ಟು ಮೇಡಂ."

ಮೂವತ್ತೊಂದು ವರ್ಷ ದಿನವೂ ತಾಯಂದಿರು ಇನ್ನೂ ಐದು ತುಂಬಿಲ್ಲ ಎಂದು ಆಣೆ ಇಡುವುದನ್ನೂ, ಮಗು ಸೊಂಟದ ಮೇಲಿಂದ ನಾನು ಮೂರನೇ ಕ್ಲಾಸು ಎಂದು ಸತ್ಯ ಹೇಳುವುದನ್ನೂ ಕೇಳಿದವರು ಅವರು. ಎಳೆಯದನ್ನು ಕಂಡ ಕೂಡಲೇ ಅರ್ಧಕ್ಕೆ ಇಳಿಸುವುದು ಕಣ್ಣಿಗೇ ಅಭ್ಯಾಸವಾಗಿತ್ತು. ಹಕ್ಕಿಗೆ ಬೇರೆ ನಿಯಮ ಇರಬಹುದೆಂದು ಅವರಿಗೆ ಹೊಳೆದಿರಲಿಲ್ಲ, ಯಾರೂ ಹೇಳಿಯೂ ಇರಲಿಲ್ಲ. ಮೂರು ವರ್ಷದಿಂದ ಹೆಜ್ಜಾರ್ಲೆಯ ಮರಿ, ಬಣ್ಣದ ಕೊಕ್ಕರೆಯ ಮರಿ, ಎಲ್ಲವೂ ಅರ್ಧ. ಹಾಗಾದರೆ ಇಷ್ಟು ದಿನ ಲೆಕ್ಕದಲ್ಲಿ ಅರ್ಧ ಯಾಕೆ ಬಂದಿಲ್ಲ ಎಂದು ಸ್ನೇಹ ಕೇಳಿದಾಗ, ಉಳಿದ ಅರ್ಧವನ್ನು ಮುಂದಿನ ಕೆರೆಗೆ ಸೇರಿಸುತ್ತಿದ್ದೆ ಎಂದರು. ಇವತ್ತು ಒಂದೇ ಕೆರೆ, ಮುಂದಿನದು ಇರಲಿಲ್ಲ.

ಸ್ನೇಹ ಅಲ್ಲೇ ಒಂದು ಕಲ್ಲಿನ ಮೇಲೆ ಕುಸಿದು ಕೂತರು. ಮೂರು ವರ್ಷದ ವರದಿ ಅವರ ಕಣ್ಣ ಮುಂದೆ ಹಾರಿಹೋಗುತ್ತಿತ್ತು. ಸಿದ್ದರಾಜು ಗಾಬರಿಯಾಗಿ ತಮ್ಮ ಚೀಟಿ ಪುಸ್ತಕ ತೆಗೆದರು. ಪುಣ್ಯಕ್ಕೆ ಅದರಲ್ಲಿ ದೊಡ್ಡವು ಒಂದು ಸಾಲು, ಚಿಕ್ಕವು ಒಂದು ಸಾಲು ಬೇರೆ ಬೇರೆ ಇದ್ದವು, ಮೂರು ವರ್ಷದ್ದೂ. ಇವತ್ತಿನ ಪುಟದಲ್ಲಿ ದೊಡ್ಡವು ನಾನೂರ ಇಪ್ಪತ್ತೆರಡು, ಮರಿಗಳು ತೊಂಬತ್ತಮೂರು. ಸ್ನೇಹ ಕೂಡಿದರು. ಐನೂರ ಹದಿನೈದು.

ಶೆಡ್ಡಿನಿಂದ ಡಬ್ಬ ಹಿಡಿದು ವಾಪಸ್ಸು ಬಂದಿದ್ದ ಲೋಕೇಶ ಒಪ್ಪಲಿಲ್ಲ. ಭಾವನೇ ಬಾಯಿಬಿಟ್ಟು ಹೇಳಿದ ಲೆಕ್ಕ, ಹೇಳಿ ಆದ ಮೇಲೆ ತಿದ್ದುವುದು ಎಲ್ಲಿಯ ನ್ಯಾಯ, ಅರ್ಧ ಎಂದ ಮೇಲೆ ಅರ್ಧವೇ ಎಂದು ಪಟ್ಟು ಹಿಡಿದ. ಎಲ್ಲರೂ ಚಿಕ್ಕಸ್ವಾಮಿಯವರ ಕಡೆ ತಿರುಗಿದರು. ಅವರು ಮಫ್ಲರನ್ನು ಬಾಯಿಂದ ಕೆಳಗಿಳಿಸಿದರು.

"ಆಫ್ ಟಿಕೆಟ್ಟು ಅಂದ್ರೆ ಚಾರ್ಜು ಅರ್ಧ ಕಣ್ಲಾ, ಐಕ್ಳು ಅರ್ಧ ಅಲ್ಲ. ನಿನ್ಗೆ ಎರಡು ಮಕ್ಳವೆ. ಮನೇಲಿ ಏಸು ಜನ ಅಂತ ಯಾರಾದ್ರೂ ಕೇಳುದ್ರೆ ಮೂರು ಅಂತೀಯಾ?"

ಲೋಕೇಶ ಬೆರಳು ಮಡಚಿ ಎಣಿಸಿ ನೋಡಿದ. ಕೊಟ್ಟ ಮಾತು ಮಾತೇ ಎಂದ. ಆದರೆ ಸೋತು ಸುಮ್ಮನೆ ಹೋಗುವ ಕುಳ ಅವನಲ್ಲ.

"ಪಟಾಕಿ ಹೊಡಿಯಕಿಲ್ಲ, ಬುಡು. ಅಂಗಾರೆ ನೀರುಕಾಗೆ ಓಡ್ಸೋರು ಯಾರು? ಭಾವ ನಿಂತ್ಕಳ್ಳಲಿ. ಬೆಳಿಗ್ಗೆಯಿಂದ ಸಾಯಂಕಾಲಗಂಟ, ಇದೇ ಏರಿ ಮೇಲೆ, ಬಾತುಗಳು ಎದ್ದೋಗೋಗಂಟ. ಒಂದಿನ ತಪ್ಪಿದ್ರೂ ಡಬ್ಬ ಇಲ್ಲೇ ಅದೆ."

ಹೆಬ್ಬಾತುಗಳು ಹೊರಡುವುದು ಮಾರ್ಚಿಯಲ್ಲಿ. ಅಲ್ಲಿಯವರೆಗೆ ಎರಡು ತಿಂಗಳು, ಒಂದೇ ಕೆರೆ. ಜೈಲೆಂದರೂ ಸಿದ್ದರಾಜು ಅಷ್ಟು ಬೆವರುತ್ತಿರಲಿಲ್ಲ. ಕಾಲು ಬದಲಾಯಿಸಿ ನಿಂತರು, ಇನ್ನೊಮ್ಮೆ ಬದಲಾಯಿಸಿದರು, ಕೊನೆಗೆ ಹೂಂ ಎಂದರು.

ಮಾರನೆಯ ದಿನವೇ ಅಣ್ಣಮ್ಮ ಗಂಟು ಕಟ್ಟಿಕೊಂಡು ತವರಿಗೆ ಬಂದರು. ಬಹಳ ಖುಷಿಯಾಗಿದ್ದರು. ಮದುವೆಯಾದಾಗಿನಿಂದ ನಿಮ್ಮ ಯಜಮಾನರು ಎಲ್ಲಿ ಎಂದು ಯಾರಾದರೂ ಕೇಳಿದರೆ ಬೆರಳು ಮಾಡಿ ತೋರಿಸುವಂತಾದದ್ದು ಇದೇ ಮೊದಲು ಎಂದು ಊರಿಗೆಲ್ಲ ಹೇಳಿಕೊಂಡು ಬಂದರು.

ಮೀನು ಇರುವುದು ಏರಿಯ ಬುಡದ ಆಳದಲ್ಲಿ, ಹೆಬ್ಬಾತು ಮಲಗುವುದು ಆಚೆ ಬಯಲಲ್ಲಿ. ಸಿದ್ದರಾಜು ಏರಿಯ ಮೇಲೆ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ನಡೆದರು. ನೀರುಕಾಗೆ ಇಳಿದಲ್ಲಿ ನಿಂತು ಸೀಟಿ ಊದಿದರು, ಟವೆಲ್ಲು ಬೀಸಿದರು. ಹೆಬ್ಬಾತುಗಳು ಸೀಟಿಗೆ ಎರಡು ದಿನ ಕತ್ತೆತ್ತಿ ನೋಡಿದವು, ಮೂರನೆಯ ದಿನ ನೋಡುವುದನ್ನೂ ಬಿಟ್ಟವು. ಸಂಜೆ ಅವು ಗದ್ದೆಗೆ ಹೊರಟಾಗ ಇವರೂ ಮಾವನ ಮನೆಗೆ ಹೊರಡುತ್ತಿದ್ದರು.

ಹಿಂಸೆಯಾಗುತ್ತಿದ್ದದ್ದು ಫೋನಿನಿಂದ. ನಾಗಮಂಗಲದ ಕೆರೆಯೊಂದರಲ್ಲಿ ನೂರು ಹೆಜ್ಜಾರ್ಲೆ ಎಂದು ಒಂದು ದಿನ ಸುದ್ದಿ. ಶ್ರೀರಂಗಪಟ್ಟಣದ ನಾಲೆ ಬಳಿ ಮೀನುಗೂಬೆ ಎಂದು ಇನ್ನೊಂದು ದಿನ. ಪ್ರತಿ ಸುದ್ದಿಗೂ ಅವರ ನಡಿಗೆ ಚುರುಕಾಗುತ್ತಿತ್ತು, ಏರಿಯ ಕೊನೆಯಲ್ಲಿ ತಿರುಗುವುದು ಕಷ್ಟವಾಗುತ್ತಿತ್ತು. ಫೆಬ್ರವರಿಯ ಒಂದು ಬೆಳಿಗ್ಗೆ, ಕೆ.ಆರ್.ಎಸ್. ಹಿನ್ನೀರಿನಲ್ಲಿ ಚಕ್ರವಾಕ ಜೋಡಿ ಇಳಿದಿದೆ ಎಂದು ಸ್ನೇಹ ಫೋಟೋ ಕಳಿಸಿದರು. ಕಿತ್ತಲೆ ಬಣ್ಣದ ಆ ಬಾತನ್ನು ಸಿದ್ದರಾಜು ಒಮ್ಮೆಯೂ ಕಂಡಿರಲಿಲ್ಲ. ಮುಂದೆ ಏನಾಯಿತೆಂದು ಅವರಿಗೇ ಸರಿಯಾಗಿ ನೆನಪಿಲ್ಲ. ನೆನಪಾಗುವ ಹೊತ್ತಿಗೆ ಬಸ್ಸಿನ ಫುಟ್‌ಬೋರ್ಡಿನ ಬಳಿ ಕಂಬಿ ಹಿಡಿದು ನಿಂತಿದ್ದರು.

ನಾಲ್ಕು ಸ್ಟಾಪು ದಾಟಿದ್ದವು. ಎದುರಿಗೆ ಚಕ್ರವಾಕ, ಹಿಂದೆ ಮೋಟಾರು ಶೆಡ್ಡಿನ ಡಬ್ಬ. ಸದ್ದು ಕೇಳಿಸಿತೇ ಎಂದು ತಲೆ ಹೊರಹಾಕಿದರು. ಇಂಜಿನ್ನಿನ ಸದ್ದು ಬಿಟ್ಟರೆ ಏನೂ ಇಲ್ಲ. ಕಂಡಕ್ಟರ್ ಹುಡುಗಿ ಒಳಗೆ ಬನ್ನಿ ಎಂದಳು. ಅವರು ಒಳಗೂ ಹೋಗಲಾರದೆ, ಐದನೆಯ ಸ್ಟಾಪಿನಲ್ಲಿ ಇಳಿದುಬಿಟ್ಟರು. ಎದುರು ಬಸ್ಸಿಗೆ ಕಾಯುವಷ್ಟು ಸಮಾಧಾನ ಇರಲಿಲ್ಲ. ಆರು ಮೈಲಿ ದಾರಿಯನ್ನು ಅರ್ಧ ನಡೆದು ಅರ್ಧ ಓಡಿ ಮುಗಿಸಿದರು.

ಏರಿಯ ಮೇಲೆ ಲೋಕೇಶ ಇದ್ದ. ಕೈಯಲ್ಲಿ ಡಬ್ಬ ಇರಲಿಲ್ಲ, ಟವೆಲ್ಲು ಇತ್ತು. ಬನಿಯನ್ನು ಬೆವರಿನಲ್ಲಿ ತೊಯ್ದಿತ್ತು. ಆಚೆ ಬಯಲಲ್ಲಿ ಹೆಬ್ಬಾತುಗಳು ಮಲಗಿದ್ದವು.

"ಎಲ್ಲೋಗಿದ್ದೆ ಭಾವ? ಮೂರು ಗಂಟೆ ಹೊತ್ತು ಕೂಗಿ ಕೂಗಿ ಗಂಟ್ಲು ಬಿದ್ದೋಯ್ತು."

ಡಬ್ಬ ಅಲ್ಲೇ ಇತ್ತಲ್ಲ ಎಂದು ಸಿದ್ದರಾಜು ಏದುಸಿರಿನಲ್ಲೇ ಕೇಳಿದರು.

"ಅದೆ. ಬೆಂಕಿಪೊಟ್ಣನೂ ತಗಂಡಿದ್ದೆ. ಅವು ಮರಿಗಳ್ನ ಮಧ್ಯದಲ್ಲಿ ಇಕ್ಕಂಡು ಮಲಗಿದ್ದೊ. ಇವತ್ತೊಂದಿನ ಅಂತ ಸುಮ್ನಾದೆ."

ಇಷ್ಟು ಹೇಳಿದ್ದಕ್ಕೆ ಲೋಕೇಶನಿಗೇ ಮುಜುಗರವಾಗಿರಬೇಕು. ಟವೆಲ್ಲನ್ನು ಭಾವನ ಹೆಗಲ ಮೇಲೆ ಎಸೆದು, ನಾಳೆ ತಪ್ಪಿದರೆ ಗ್ಯಾರಂಟಿ ಹಚ್ಚುತ್ತೇನೆ ಎಂದು ಬೈದು ಹೋದ. ಆಮೇಲೆ ಸಿದ್ದರಾಜು ಒಂದು ದಿನವೂ ತಪ್ಪಲಿಲ್ಲ. ಚಕ್ರವಾಕಗಳು ವಾರಕ್ಕೆ ಹಾರಿಹೋದವು ಎಂಬ ಸುದ್ದಿ ಬಂದಾಗ ಏರಿಯ ಮೇಲೆ ನಾಲ್ಕು ಸುತ್ತು ಹೆಚ್ಚಿಗೆ ನಡೆದರು, ಅಷ್ಟೆ.

ಮಾರ್ಚಿ ಹದಿನಾಲ್ಕರ ಬೆಳಿಗ್ಗೆ ಅವರು ಏರಿ ಹತ್ತಿದಾಗ ಬಯಲು ಬಯಲಾಗಿತ್ತು. ಕೆಸರಿನ ತುಂಬ ಹೆಜ್ಜೆ, ಹಿಕ್ಕೆ, ನಾಲ್ಕಾರು ಗರಿ. ದುರ್ಬೀನಿನಲ್ಲಿ ಮೂರು ಸಲ ಹುಡುಕಿದರು. ಒಂದೂ ಇರಲಿಲ್ಲ. ಬಾಮೈದನಿಗೆ ಫೋನು ಮಾಡಿ, ಎದ್ದು ಹೋದವು ಎಂದರು. ಎಲ್ಲವೂನಾ ಎಂದು ಲೋಕೇಶ ಕೇಳಿದ. ಎಲ್ಲವೂ ಎಂದರು. ಲೋಕೇಶ, ಮುಂದಿನ ವರ್ಷವೂ ನೀನೇ ಬಂದು ನಿಂತುಕೊಳ್ಳಬೇಕು ಮತ್ತೆ, ನನಗೆ ಗಂಟಲಿಲ್ಲ ಎಂದು ಫೋನಿಟ್ಟ.

ಸಿದ್ದರಾಜು ತಿಂಡಿಗೂ ಹೋಗಲಿಲ್ಲ. ಏರಿಯಿಂದ ನೇರ ರಸ್ತೆಗೆ ಇಳಿದು ನಾಗಮಂಗಲದ ಬಸ್ಸು ಹತ್ತಿದರು. ಊರು ದಾಟುವಷ್ಟರಲ್ಲಿ ಹಿಂದಿನಿಂದ ಮೊದಲ ಪಟಾಕಿಯ ಸದ್ದು ಬಂತು, ಅದರ ಹಿಂದೆ ಇನ್ನೊಂದು. ಅವರು ನಿಂತಲ್ಲಿನ ಪಕ್ಕದ ಸೀಟಿನ ಹೆಂಗಸು ಎಲ್ಲೋ ಮದುವೆ ಇರಬೇಕು ಎಂದಳು. ಅವರು ಅಷ್ಟರಲ್ಲಾಗಲೇ ಬಗ್ಗಿ, ಅವಳ ಕಿಟಕಿಯಾಚೆ ಮುಂದಿನ ಕೆರೆಯನ್ನು ಹುಡುಕುತ್ತಿದ್ದರು.