ಮುಂದಿನ ಸೀಟಿನಿಂದ ಎದ್ದ ಅಕ್ಕ

ಬಸ್ಸಿನಲ್ಲಿ ನನ್ನ ಅಕ್ಕನನ್ನು ಮುಂದಿನ ಸೀಟಿನಿಂದ ಎಬ್ಬಿಸಿ ಹಿಂದಕ್ಕೆ ಕಳುಹಿಸಿದರು. ನಾನು ಆಚೆ ಬದಿಯ ಸೀಟಿನಲ್ಲೇ ಇದ್ದೆ. ಒಂದು ಮಾತೂ ಆಡಲಿಲ್ಲ. ಊರಿನಲ್ಲಿ ಕೇಳಿದವರಿಗೆಲ್ಲ ಪ್ರಯಾಣ ಸುಖವಾಗಿತ್ತು ಎಂದೇ ಹೇಳಿದೆ. ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ರೂಢಿಯಿಲ್ಲ. ಆದರೂ ಆ ಒಂದು ದಿನ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಆಗ ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಮುಂಬೈಯ ಹೋಟೆಲಿನಿಂದ ಹದಿನೈದು ದಿನದ ರಜೆಯಲ್ಲಿ ಶಿರೂರಿಗೆ ಬಂದಿದ್ದೆ. ಅಕ್ಕ ಗಿರಿಜಾಳ ಮಗಳು ಸುಮತಿಗೆ ಬ್ರಹ್ಮಾವರದ ಕಡೆಯ ಸಂಬಂಧ ಕೂಡಿಬಂದಿತ್ತು. ಗಂಡಿನ ಮನೆಗೆ ಹೋಗಿ ಮದುವೆಯ ಮಾತು ಮುಗಿಸಬೇಕಿತ್ತು. ಭಾವ ಮಲ್ಪೆಯ ಬೋಟಿನಲ್ಲಿ ಸಮುದ್ರಕ್ಕೆ ಹೋಗಿದ್ದರು. ಅವರು ಮನೆಯಲ್ಲಿದ್ದರೂ ನಾನು ಹೋಗಲೇಬೇಕಿತ್ತು. ನಮ್ಮಲ್ಲಿ ಹೆಣ್ಣಿನ ಪರವಾಗಿ ಮಾತಾಡುವವನು ಸೋದರಮಾವ. ಅವನು ಬಾಯಿ ಬಿಟ್ಟರೆ ಮಾತ್ರ ಮನೆ ಮಾತಾಡಿದ ಹಾಗೆ.

ಅಕ್ಕ ಮೀನು ಮಾರುವವಳು. ದಿನಾ ಬೆಳಿಗ್ಗೆ ಇದೇ ಬಸ್ಸಿನಲ್ಲಿ ಬುಟ್ಟಿ ಹೇರಿಕೊಂಡು ಕುಂದಾಪುರಕ್ಕೆ ಹೋಗುತ್ತಿದ್ದಳು. ಮೀನಿನ ಬುಟ್ಟಿ ಬಸ್ಸಿನ ಹಿಂಬದಿಗೆ, ಮೀನಿನ ಹೆಂಗಸರು ಕೊನೆಯ ಸೀಟಿಗೆ. ಯಾರೂ ಬರೆದಿಟ್ಟ ಕಾನೂನಲ್ಲ, ಈ ರಸ್ತೆಯಲ್ಲಿ ನಡೆದುಬಂದ ಕ್ರಮ. ಆ ದಿನ ಬುಟ್ಟಿ ಇರಲಿಲ್ಲ. ತಲೆಗೆ ಮಿಂದು, ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು ಬಂದಿದ್ದಳು. ಏಳೂವರೆಯ ಬಸ್ಸು ಅರ್ಧ ಖಾಲಿ. ಅವಳು ಹೆಂಗಸರ ಸೀಟಿನಲ್ಲಿ ಕಿಟಕಿಯ ಬದಿಗೆ ಕೂತಳು, ನಾನು ಆಚೆ ಬದಿಯ ಗಂಡಸರ ಸೀಟಿನಲ್ಲಿ.

"ಇಷ್ಟ್ ವರ್ಷ ಆಯ್ತ್, ಈ ರಸ್ತಿ ಮುಂದಿಂದ ಹ್ಯಾಂಗ್ ಕಾಣತ್ತ್ ಅಂತ ನಂಗ್ ಗೊತ್ತೇ ಇರ್ಲಿಲ್ಲ ಕಾಣ್" ಎಂದಳು.

ಬೈಂದೂರಿನಲ್ಲಿ ಬಸ್ಸು ತುಂಬಿತು. ಅಕ್ಕನ ಪಕ್ಕದಲ್ಲಿ ಕೂತ ಹೆಂಗಸೊಬ್ಬರು ಅವಳ ಮುಖ ನೋಡಿ, ಗುರುತು ಹತ್ತಿದವರ ಹಾಗೆ ಸೆರಗನ್ನು ಮೂಗಿಗೆ ಒತ್ತಿಕೊಂಡರು. ಕಂಡಕ್ಟರನನ್ನು ಕರೆದು ಮೆಲ್ಲಗೆ ಏನೋ ಹೇಳಿದರು. ಅವನು ಅಲ್ಲಿಂದಲೇ ಕೂಗಿದ.

"ಹ್ವಾಯ್ ಮೀನಕ್ಕ, ಇವತ್ತೆಂತ ಮುಂದೆ? ಹಿಂದ್ ಹೋಯ್ನಿ."

"ಇವತ್ ಬುಟ್ಟಿ ಇಲ್ಲ ಮಾರಾಯಾ."

"ಬುಟ್ಟಿ ಇಲ್ದಿರೆ ಎಂತ, ವಾಸ್ನಿ ಇತ್ತಲ್ಲ."

ಎರಡು ಮೂರು ಜನ ನಕ್ಕರು. ಅಕ್ಕ ನನ್ನ ಕಡೆ ನೋಡಿದಳು. ಅವಳು ನೋಡಿದ್ದನ್ನು ಕಂಡು ಕಂಡಕ್ಟರ್ ನನ್ನ ಹತ್ತಿರ ಬಂದ. "ನಿಮ್ಮೊಟ್ಟಿಗ್ ಬಂದದ್ದಾ ಇವ್ರ್?" ಎಂದು ಮರ್ಯಾದೆಯಿಂದಲೇ ಕೇಳಿದ. ನನ್ನ ಬಿಳಿ ಅಂಗಿ ನೋಡಿ ಇರಬೇಕು. ಆ ಅಂಗಿಗೆ ಇಸ್ತ್ರಿ ಹಾಕಿದವಳು ಅಕ್ಕ. ನಾನು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನೋಟು ಮುಂದೆ ಹಿಡಿದು, "ಒಂದು ಬ್ರಹ್ಮಾವರ" ಎಂದೆ.

ಅಕ್ಕ ಸೆರಗು ಸರಿಮಾಡಿಕೊಂಡು ಎದ್ದಳು. ಕಂಬಿ ಕಂಬಿ ಹಿಡಿದುಕೊಂಡು ಹಿಂದಕ್ಕೆ ಹೋದಳು.

ಕಿರಿಮಂಜೇಶ್ವರ ದಾಟುವವರೆಗೂ ನಾನು ಹಿಂದೆ ತಿರುಗಲಿಲ್ಲ. ಮರವಂತೆಯಲ್ಲಿ ಬಲಕ್ಕೆ ಸಮುದ್ರ, ಎಡಕ್ಕೆ ಹೊಳೆ. ಮಳೆಗಾಲ ಮುಗಿದು ನೀರು ತಿಳಿಯಾಗಿತ್ತು. ಎಲ್ಲರೂ ಕಿಟಕಿಯಾಚೆ ನೋಡುತ್ತಿದ್ದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಈಗ ಜಗಳ ತೆಗೆದರೆ ನಾಳೆ ಇವನು ಅಕ್ಕನ ಬುಟ್ಟಿ ಹತ್ತಿಸದೆ ಹೋದರೆ? ಮೀನು ಮುಂದಿನ ಬಸ್ಸಿಗೆ ಕಾಯುವ ವಸ್ತುವಲ್ಲ. ಇನ್ನೊಂದು ಮಾತೂ ನೆನಪಿಗೆ ಬಂತು. ಮುಂಬೈಯಲ್ಲಿ ನನ್ನ ಮೊದಲ ಕೆಲಸ ಹೋದದ್ದು ಗಿರಾಕಿಯೊಬ್ಬನ ದೂರಿನಿಂದ. ಚಹಾ ಆರಿದೆ ಎಂದು ಅವನು ಹೇಳಿದ, ಮಧ್ಯಾಹ್ನದೊಳಗೆ ಧಣಿ ನನ್ನನ್ನು ಹೊರಗೆ ಹಾಕಿದ. ದುಡಿಯುವವನ ಮೇಲೆ ದೂರು ಹೇಳಬಾರದು ಎಂದು ಅಂದಿನಿಂದ ನನ್ನ ಹಟ. ಹೀಗೆಲ್ಲ ಯೋಚಿಸಿ, ಕುಂದಾಪುರದಲ್ಲಿ ಬಸ್ಸಿನ ಏಜೆಂಟರಿಗೆ ದೂರಿನ ಹಾಗಲ್ಲದೆ ಸಮಾಧಾನದಿಂದ ಹೇಳಿದರಾಯಿತು ಎಂದುಕೊಂಡೆ. ಐದು ಹೊಳೆಯ ಸೇತುವೆ ಬಂದಾಗ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ.

ಕುಂದಾಪುರದಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಇಳಿದು, ಸ್ಟ್ಯಾಂಡಿನಲ್ಲಿ ಬಸ್ಸು ಹೊರಡಿಸುವ ಏಜೆಂಟರ ಮುಂದೆ ಹೋಗಿ ನಿಂತೆ. ಅವರು ಬಾಯಿಯ ಸೀಟಿ ತೆಗೆದು, ಎಂತ ಬೇಕಿತ್ತು ಎಂದು ಕೇಳಿದರು. ಸಂಜೆ ವಾಪಸು ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ. ಇದೇ ಬಸ್ಸು ನಾಲ್ಕೂವರೆಗೆ ಬ್ರಹ್ಮಾವರಕ್ಕೆ ಬರುತ್ತದೆ ಎಂದರು. ಪಕ್ಕದ ಹೋಟೆಲಿನಿಂದ ಎರಡು ಬನ್ಸ್ ಕಟ್ಟಿಸಿಕೊಂಡು ಹಿಂದಿನ ಕಿಟಕಿಯಿಂದ ಅಕ್ಕನಿಗೆ ಕೊಟ್ಟೆ. ಅವಳು ಪೊಟ್ಟಣ ತೆಗೆದುಕೊಂಡು, ನೀನು ತಿಂದೆಯಾ ಎಂದಷ್ಟೇ ಕೇಳಿದಳು. ಸುಳ್ಳು ಹೇಳಿದೆ.

ಬ್ರಹ್ಮಾವರದಲ್ಲಿ ಅವಳು ಹಿಂದಿನ ಬಾಗಿಲಿನಿಂದ ಇಳಿದಳು, ನಾನು ಮುಂದಿನಿಂದ. ಯಾರದೋ ಚೀಲ ಒತ್ತಿ ಸೀರೆಯ ನೆರಿಗೆ ಕೆಟ್ಟಿತ್ತು. ಕಂಡಕ್ಟರನ ಸುದ್ದಿ ಎತ್ತಲು ಹೋದೆ. "ಈಗ ಬ್ಯಾಡ. ನಡಿ, ಹೊತ್ತಾಯ್ತ್" ಎಂದು ಮುಂದೆ ನಡೆದಳು.

ಗಂಡಿನ ಮನೆಯಲ್ಲಿ ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಮಾಡಿ ಕಾದಿದ್ದರು. ಅಲ್ಲಿ ನನ್ನ ಬಾಯಿ ಚೆನ್ನಾಗಿಯೇ ಓಡಿತು. ಮದುವೆ ಯಾವ ತಿಂಗಳು, ನಮ್ಮ ಕಡೆಯಿಂದ ಎಷ್ಟು ಜನ, ಊಟ ಯಾರ ಲೆಕ್ಕ, ಎಲ್ಲವನ್ನೂ ಗಟ್ಟಿಯಾಗಿ ಕೂತು ಮಾತಾಡಿದೆ. ಹುಡುಗಿಯ ಮಾವ ಮಾತಿನಲ್ಲಿ ಗಟ್ಟಿಗ ಎಂದು ಗಂಡಿನ ಅಜ್ಜ ಹೇಳಿದರು. ಎಲ್ಲರೂ ನಕ್ಕರು. ಅಕ್ಕ ತಲೆ ಎತ್ತಲಿಲ್ಲ, ಎಲೆಯ ಮೇಲಿನ ಅನ್ನ ಕಲೆಸುತ್ತಲೇ ಇದ್ದಳು. ಬೆಳಗಿನಿಂದ ನಾನು ಹೆಚ್ಚು ನೊಂದದ್ದು ಆ ಗಳಿಗೆಯಲ್ಲಿ.

ನಾಲ್ಕೂವರೆಗೆ ಅದೇ ಬಸ್ಸು ಬಂತು. ಮುಂದೆ ಸೀಟುಗಳು ಖಾಲಿ ಇದ್ದವು. ಅಕ್ಕ ಯಾರೂ ಹೇಳದೆಯೇ ಹಿಂದಿನ ಬಾಗಿಲಿಗೆ ಹೋಗಿ ಹತ್ತಿದಳು. ನಾನೂ ಹಿಂದೆಯೇ ಹೋಗಿ ಅವಳ ಪಕ್ಕದಲ್ಲಿ ಕೂತೆ. ಮುಂದೆ ಜಾಗ ಇದೆಯಲ್ಲ ಎಂದೆ.

"ಇಲ್ಲಿಂದ ಯಾರೂ ಏಳ್ ಅಂಬುದಿಲ್ಲ."

ಕೋಟ ದಾಟಿದ ಮೇಲೆ, ಕುಂದಾಪುರದಲ್ಲಿ ಏಜೆಂಟರಿಗೆ ದೂರು ಕೊಟ್ಟೇ ಕೊಡುತ್ತೇನೆ, ಬಸ್ಸಿನ ನಂಬರು ಬರೆದುಕೊಂಡಿದ್ದೇನೆ ಎಂದೆ. ಅಕ್ಕ ನನ್ನ ಮುಖ ನೋಡಿದಳು. ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ದೂರ್ ಹೇಳೂಕೆ ನಂಗೂ ಬಾಯಿ ಇತ್ತ್. ನಾಳೆ ನನ್ನ್ ಬುಟ್ಟಿಗ್ ಕೈ ಹಾಕುದೂ ಅವ್ನೇ. ಅವ್ನ್ ಹತ್ರ ಯಾವಾಗ್ ಮಾತಾಡ್ಕ್, ಎಷ್ಟ್ ಮಾತಾಡ್ಕ್ ಅಂತ ನಂಗೊತ್ತಿತ್ತ್. ನಿನ್ನ್ ಹತ್ರ ನಾನ್ ಜಗಳ ಮಾಡ್ ಅಂದ್ನಾ? ಇವ್ರ್ ನಿಮ್ಮೊಟ್ಟಿಗಾ ಅಂತ ಅವ್ನ್ ಕೇಂಡ. ಹೌದ್ ಅಂಬೂಕೆ ನಿಂಗೆಂತ ಆಯ್ತ್?"

ಬುಟ್ಟಿಯ ಚಿಂತೆ, ಮುಂಬೈಯ ಚಹಾ, ಎಲ್ಲವನ್ನೂ ಹೇಳಲು ಬಾಯಿ ತೆರೆದೆ. ಅವು ಯಾವುವೂ ಅವನು ಕೇಳಿದ ಗಳಿಗೆಯವಲ್ಲ, ಆಮೇಲೆ ನಾನು ಹುಡುಕಿಕೊಂಡ ನೆಪಗಳು. ಆ ಗಳಿಗೆಯಲ್ಲಿ ಇದ್ದದ್ದು ನಕ್ಕ ಎರಡು ಮೂರು ಜನರ ಮುಖ ಮಾತ್ರ. ಆ ನಿಜವನ್ನೇ ಮೆಲ್ಲಗೆ ಹೇಳಿದೆ, ಬಸ್ಸಿನ ಸದ್ದಿನಲ್ಲಿ ಅವಳಿಗೆ ಕೇಳಿಸಲಿಲ್ಲ. ಕಿವಿ ಹತ್ತಿರ ತಂದಳು. ನಾನು ಗಟ್ಟಿಯಾಗಿಯೇ ಹೇಳಿದೆ, ಮುಂದಿನ ಸೀಟಿನವರು ತಿರುಗಿ ನೋಡಿದರೂ ನಿಲ್ಲಿಸಲಿಲ್ಲ.

"ನೀನ್ ನನ್ನಕ್ಕ ಅಂತ ಹೇಳೂಕೆ ನಂಗ್ ನಾಚ್ಕಿ ಆಯ್ತ್ ಅಕ್ಕ. ಬೇರೆ ಎಂತದೂ ಅಲ್ಲ. ನನ್ನದ್ ತಪ್ಪಾಯ್ತ್."