ಅಣ್ಣ ತಂಗಿಯ ಗೋ ಆಟ, ನನ್ನ ಹೊಟ್ಟೆ ಉರಿ

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಯಾರದೋ ಕಟ್ಟಡದ ಕತ್ತಲೆ ಗುಂಡಿಯಲ್ಲಿ ನಿಂತು, ಉಕ್ಕಿನ ಹಗ್ಗಕ್ಕೆ ಗ್ರೀಸ್ ಹಚ್ಚಿ, ಸಿಕ್ಕಿಹಾಕಿಕೊಂಡ ಬಾಗಿಲು ಬಿಡಿಸಿ, ಸಂಜೆ ಮನೆಗೆ ಬಂದರೆ ಬಾಯಲ್ಲಿ ಎರಡು ಮಾತಿಲ್ಲ. "ಸೊಂಟ ನೋಯ್ತಿದ್ಯಾ?" ಎಂದರೆ "ಹೂಂ". "ನಾಳೆ ಬೇಗ ಹೋಗ್ಬೇಕಾ?" ಎಂದರೂ "ಹೂಂ". ಸಿಟ್ಟಿಲ್ಲ ಸೆಡವಿಲ್ಲ, ಚಿನ್ನದಂಥ ಮನುಷ್ಯ ಎಂದು ಇಡೀ ಬೀದಿ ಹೊಗಳುತ್ತದೆ. ಹೊಗಳಲಿ, ನನ್ನಪ್ಪನ ಗಂಟೇನು ಹೋಗಬೇಕು? ಬೀದಿಯವರು ಅವರ ಜೊತೆ ಗೋ ಆಡಿಲ್ಲವಲ್ಲ.

ಗೋ ಎಂದರೆ ಗೆರೆ ಎಳೆದ ಹಲಗೆ, ಕಪ್ಪು ಬಿಳಿ ಕಲ್ಲು, ಎದುರಾಳಿಗೆ ಬೇಲಿ ಹಾಕಿ ಜಾಗ ಹಿಡಿಯುವ ಆಟ. ನನ್ನ ಮಾವ ತಮ್ಮ ಇಬ್ಬರು ಮಕ್ಕಳಿಗೂ ಅದನ್ನು ಕಲಿಸಿ ಕಣ್ಣು ಮುಚ್ಚಿದರು. ಮದುವೆಯಾಗಿ ಬಂದ ಮೇಲೆ ನಾನೂ ಕಲಿತೆ. ಆ ಮನೆಯಲ್ಲಿ ಬೇರೆ ದಾರಿಯೂ ಇರಲಿಲ್ಲ.

ಭಾನುವಾರ ಬಂತೆಂದರೆ ನಾದಿನಿ ಹಾಜರು. ಔಷಧದ ಅಂಗಡಿಯಲ್ಲಿ ಕೆಲಸ, ಪಕ್ಕದ ಬೀದಿಯಲ್ಲೇ ವಾಸ, ಬಾಗಿಲು ತಟ್ಟುವ ಅಭ್ಯಾಸವೇ ಇಲ್ಲ. ಅಣ್ಣ ತಂಗಿ ಹಲಗೆಯ ಮುಂದೆ ಕೂತರೆ ನಾನು ಇದ್ದೇನೋ ಸತ್ತೇನೋ ಕೇಳುವವರಿಲ್ಲ. ಆಟ ಮುಗಿದ ಮೇಲಾದರೂ ಬಿಡುತ್ತಾರೆಯೇ? ಮೊದಲ ಕಲ್ಲಿನಿಂದ ಕೊನೆಯ ಕಲ್ಲಿನವರೆಗೆ ಇಡೀ ಆಟವನ್ನು ನೆನಪಿನಿಂದಲೇ ಮತ್ತೆ ಇಡುತ್ತಾರೆ; ನನ್ನ ಗಂಡ ಒಂದೊಂದನ್ನೂ ಮೊಬೈಲಿಗೆ ಏರಿಸಿ, "ಇಲ್ಲಿ ತಂಗಿಯ ಯೋಚನೆ ಬಹಳ ಚೆನ್ನಾಗಿದೆ" ಎಂದು ಅಡಿಯಲ್ಲಿ ಬರೆದು, ಗೋ ಆಡುವವರ ವೆಬ್‌ಸೈಟಿಗೆ ಹಾಕುತ್ತಾರೆ. ಎಲ್ಲೆಲ್ಲಿಯವರೋ ಅದನ್ನು ನೋಡಿ ಶಹಬ್ಬಾಸ್ ಎನ್ನುತ್ತಾರೆ. ಯಾರಿಗೆ? ಪ್ರತಿ ಸಲ ಸೋಲುವ ನಾದಿನಿಗೆ!

ನಾನೋ, ಗಂಡನ ಎದುರು ಆಗಾಗ ಗೆಲ್ಲುತ್ತಿದ್ದೆ. ಗೆದ್ದ ಕೂಡಲೇ ಅವರು "ಚೆನ್ನಾಗಿ ಆಡ್ದೆ ಕಣೇ" ಎಂದು ಕಲ್ಲುಗಳನ್ನೆಲ್ಲ ಬಾಚಿ ಡಬ್ಬಿಗೆ ತುಂಬಿಬಿಡುತ್ತಿದ್ದರು. ಮೊಬೈಲೂ ಇಲ್ಲ, ವೆಬ್‌ಸೈಟೂ ಇಲ್ಲ. ಹೊಟ್ಟೆ ಉರಿಯದೆ ಇನ್ನೇನಾಗುತ್ತದೆ? ನಾನು ಬಟ್ಟೆ ಹೊಲಿಯುವವಳು. ನಾದಿನಿ ಕೊಟ್ಟ ಅಂಗಿಯ ತೋಳನ್ನು ಕೊಂಚ ಬಿಗಿಯಾಗಿಯೇ ಹೊಲಿದೆ. ಅವಳು ಕೈ ಎತ್ತಲಾಗದೆ ಒದ್ದಾಡಿದಾಗ ಮನಸ್ಸಿಗೆ ಸ್ವಲ್ಪ ತಂಪಾಯಿತು, ಸುಳ್ಳು ಯಾಕೆ ಹೇಳಲಿ.

ಒಂದು ಭಾನುವಾರ ಅವಳು ಬರುವ ಮೊದಲೇ ನಾವಿಬ್ಬರು ಆಡಿದೆವು. ನಾನು ಗೆದ್ದೆ. ಅವರ ಕೈ ಕಲ್ಲುಗಳತ್ತ ಹೋಗುತ್ತಿದ್ದಂತೆ ಗಟ್ಟಿಯಾಗಿ ಹಿಡಿದೆ.

"ಇದನ್ನೂ ಹಾಕಿ."

"ಬೇಡ ಬಿಡೇ."

"ಯಾಕ್ರೀ ಬೇಡ? ಹೆಂಡತಿ ಹತ್ರ ಸೋತೆ ಅಂತ ನಾಚಿಕೆನಾ? ತಂಗೀದಾದ್ರೆ ಊರಿಗೆಲ್ಲ ಡಂಗುರ, ನಂದಾದ್ರೆ ಡಬ್ಬೀನಾ? ಇವತ್ತು ಹಾಕ್ಲೇಬೇಕು. ಇಲ್ಲಾಂದ್ರೆ ಈ ಹಲಗೇನ ಒಲೆಗೆ ಹಾಕ್ತೀನಿ ನೋಡಿ!"

ಹಾಕಿದರು. ಅಡಿಯಲ್ಲಿ ಒಂದಕ್ಷರವನ್ನೂ ಬರೆಯಲಿಲ್ಲ.

ನಾನು ಹೊಲಿಗೆ ಯಂತ್ರ ಮುಚ್ಚಿ ಮೊಬೈಲ್ ಹಿಡಿದು ಕೂತೆ. ಮೊದಲ ಉತ್ತರ ಬಂತು: "ಬಿಳಿ ಕಲ್ಲಿನವರಿಗೆ ಮೈ ಹುಷಾರಿಲ್ಲವೇ?" ಇನ್ನೊಬ್ಬ ಪುಣ್ಯಾತ್ಮ ಬರೆದ: "ಇಷ್ಟು ನಾಜೂಕಾಗಿ ಸೋಲಬೇಕಾದರೆ ಆಟ ಚೆನ್ನಾಗಿ ಬರಬೇಕು." ಬಿಳಿ ಕಲ್ಲು ನನ್ನ ಗಂಡನದು. ನನಗೆ ಮೈಯೆಲ್ಲ ಉರಿದುಹೋಯಿತು.

"ಬೇಕಂತ ಸೋತ್ರಾ? ಇಷ್ಟು ವರ್ಷದಿಂದ?"

ಅವರು ಗೋಡೆ ನೋಡಿದರು. "ಮದುವೆಯಾದ ಹೊಸದ್ರಲ್ಲಿ ನಾನು ಗೆದ್ದಾಗ ನೀನು ಅತ್ಕೊಂಡು ಎದ್ದುಹೋದೆ. ಆಮೇಲೆ ಎಷ್ಟೋ ದಿನ ಹಲಗೆ ಹತ್ರ ಸುಳೀಲೇ ಇಲ್ಲ. ನೀನು ಎದುರಿಗೆ ಕೂತಿರ್ಬೇಕು ಅನ್ನಿಸ್ತು. ಅಷ್ಟೇ."

ಆ ಮನುಷ್ಯ ಅಷ್ಟು ಉದ್ದ ಮಾತಾಡಿದ್ದೇ ದೊಡ್ಡದು. ನಾನು ಕರಗಬೇಕಿತ್ತು, ಕರಗಲಿಲ್ಲ. "ಓಹೋ, ತಂಗಿ ಜೊತೆ ಆಟ, ನನ್ನ ಜೊತೆ ನಾಟಕ!" ಎಂದು ಕೂಗಾಡಿದೆ.

ಅಷ್ಟರಲ್ಲಿ ನಾದಿನಿ ಮೊಬೈಲ್ ಹಿಡಿದು ಒಳನುಗ್ಗಿದಳು. ಗಾಯಕ್ಕೆ ಉಪ್ಪು ಸವರಲು ಬಂದಳು ಎಂದುಕೊಂಡೆ. ನೋಡಿದರೆ ಅವಳ ಕಣ್ಣು ಕೆಂಪಾಗಿತ್ತು. ನನ್ನತ್ತ ತಿರುಗಿಯೂ ನೋಡದೆ ಅಣ್ಣನ ಮೇಲೆ ಹರಿಹಾಯ್ದಳು.

"ಚಿಕ್ಕವಳಿದ್ದಾಗಿಂದ ಸೋತು ಸೋತು ಎಷ್ಟು ಅತ್ತಿದೀನಿ ನಾನು! ಒಂದ್ಸಲ, ಒಂದೇ ಒಂದ್ಸಲ ನಂಗೆ ಬಿಟ್ಟುಕೊಟ್ಟಿದೀಯಾ? ಅತ್ತಿಗೆಗಾದ್ರೆ ಇಷ್ಟು ಚೆಂದಾಗಿ ಸೋಲ್ತೀಯಲ್ಲ!"

ಇವಳಿಗೆ ಹೊಟ್ಟೆಕಿಚ್ಚೇ? ಅದೂ ನನ್ನ ಮೇಲೆ?

ಆದರೂ ನಾನು ಬಿಡಲಿಲ್ಲ. ಗಂಡನನ್ನು ಕೂರಿಸಿ, "ಈಗ ನನ್ನ ಜೊತೆ ನಿಜವಾಗಿ ಆಡಿ" ಎಂದೆ. ಆಡಿದರು. ಅಯ್ಯೋ ಅಂದರೆ ಅಯ್ಯೋ! ಒಂದು ಮೂಲೆಯೂ ಉಳಿಯಲಿಲ್ಲ. ಎತ್ತ ಹೋದರೂ ಬಿಳಿ ಬೇಲಿ. ದುಃಖ ಒತ್ತರಿಸಿ ಬಂತು, ಗಳಗಳನೆ ಅತ್ತೆ. ಆದರೆ ಎದ್ದು ಹೋಗಲಿಲ್ಲ. ನಾದಿನಿ ಪಕ್ಕದಲ್ಲಿ ಕೂತು ತನ್ನ ಕರವಸ್ತ್ರ ಕೊಟ್ಟಳು.

"ಹೀಗೇ ಇರುತ್ತೆ ಅತ್ತಿಗೆ, ಅಭ್ಯಾಸ ಆಗುತ್ತೆ" ಎಂದಳು. ಆಮೇಲೆ ಅಣ್ಣನತ್ತ ತಿರುಗಿದಳು. "ಅತ್ತಿಗೆಗೆ ಬೇಕಾದ್ದು ಸಿಕ್ತು. ಈಗ ನನ್ನ ಸರದಿ. ನನ್ನ ಜೊತೆ ಬೇಕಂತ ಸೋಲು."

ಅವರು ನನ್ನ ಮುಖ ನೋಡಿದರು. ನಾನು ಮೂಗು ಒರೆಸಿಕೊಂಡು, ಎರಡೂ ಕೈಯಿಂದ ಹಲಗೆಯನ್ನು ನನ್ನ ಕಡೆಗೆ ಎಳೆದುಕೊಂಡೆ.

"ಖಬರ್ದಾರ್! ಸೋಲೋದಾದ್ರೆ ನನ್ನೆದುರು ಮಾತ್ರ ಸೋಲ್ಬೇಕು."