ಮೂರನೆಯ ಗುಂಡಿ

ಆರನೆಯ ತರಗತಿಯ ಮಕ್ಕಳಿಗೆ ಆದಿಮಾನವನ ಪಾಠ ಮಾಡುವಾಗ ಗುಲ್ನಾಜ ಪ್ರತಿವರ್ಷವೂ ಒಂದೇ ಪ್ರಶ್ನೆಯಿಂದ ತೊಡಗುತ್ತಿದ್ದಳು: ಬರೆಯಲು ಬಾರದವರ ಕಥೆಯನ್ನು ನಮಗೆ ಹೇಳಿದವರು ಯಾರು? ಅಜ್ಜ ಎನ್ನುತ್ತಿದ್ದರು ಮಕ್ಕಳು, ದೇವರು ಎನ್ನುತ್ತಿದ್ದರು, ಒಬ್ಬಿಬ್ಬರು ಮೊಬೈಲು ಎಂದೂ ಹೇಳಿ ನಗುತ್ತಿದ್ದರು. ಮಣ್ಣು ಎಂದು ಕೊನೆಗೆ ಅವಳೇ ಉತ್ತರಿಸಬೇಕಾಗುತ್ತಿತ್ತು. ಈ ವರ್ಷ ಆ ಉತ್ತರವನ್ನು ಮಕ್ಕಳ ಕೈಗೇ ಕೊಡೋಣವೆಂದು ಹೊರಟದ್ದು ಅವಳಿಗೆ ಮುಳುವಾಯಿತು.

ಮೇಲವಂಕಿಯಿಂದ ಎರಡು ಮೈಲಿ ಆಚೆಯ ಸಣ್ಣ ಊರಿನ ಸರಕಾರಿ ಶಾಲೆ ಅದು. ಗುಲ್ನಾಜ ಅಲ್ಲಿ ನಾಲ್ಕು ವರ್ಷಗಳಿಂದ ಅತಿಥಿ ಶಿಕ್ಷಕಿ. ಜೂನಿನಲ್ಲಿ ಬರುವ ನೇಮಕ ಮಾರ್ಚಿಗೆ ಮುಗಿಯುತ್ತದೆ. ಮುಂದಿನ ಜೂನಿನಲ್ಲಿ ಮತ್ತೆ ಬಂದೀತೆಂಬ ಭರವಸೆ ಯಾವ ಕಾಗದದಲ್ಲಿಯೂ ಇಲ್ಲ. ತಂದೆ ಕಾಸೀಮಸಾಬ ಬಳೆಗಾರ. ನಲವತ್ತು ವರ್ಷಗಳಿಂದ ಕೌಜಲಗಿಯಿಂದ ಮೂಡಲಗಿಯ ತನಕ ಊರೂರು ಅಲೆದು, ಒಕ್ಕಲಿಗರ ಮನೆಯ ಮಗಳಿಂದ ಹಿಡಿದು ಕುರುಬರ ಮನೆಯ ಸೊಸೆಯವರೆಗೆ ಎಲ್ಲರ ಕೈ ಹಿಡಿದವನು. ಗೋಕಾಕದಲ್ಲಿ ಬಿ.ಇಡಿ. ಮುಗಿಸಿದ ಮಗಳನ್ನು ಅವನು ಜನರಿಗೆ ಪರಿಚಯಿಸುತ್ತಿದ್ದುದು ಒಂದೇ ಮಾತಿನಿಂದ: 'ನಾ ಕೈ ನೋಡ್ತೀನ್ರಿ, ಈಕಿ ತಲಿ ನೋಡ್ತಾಳ.'

ಶ್ರಾವಣದ ಒಂದು ಭಾನುವಾರ, ಮಕ್ಕಳಿಗೆ ಸುಳಿವು ಹತ್ತದ ಹಾಗೆ, ಶಾಲೆಯ ಹಿಂದಿನ ಬೇವಿನ ಮರದಾಚೆ ಅವಳು ಮೂರು ಗುಂಡಿ ತೋಡಿದಳು. ಪ್ರತಿಯೊಂದೂ ಮೂರು ಗೇಣು ಆಳ. ತಳದಲ್ಲಿ ಕಲ್ಲಿನ ಚಕ್ಕೆ ಮತ್ತು ಕುರಿಯ ಎಲುಬು. ಬಹು ಹಿಂದಿನ ಮನುಷ್ಯರು ಸತ್ತವರ ಮೈಗೆ ಕೆಮ್ಮಣ್ಣು ಹಚ್ಚಿ ಹೂಳುತ್ತಿದ್ದರೆಂದು ಓದಿದ್ದರಿಂದ ಎಲುಬಿಗೂ ಕೆಮ್ಮಣ್ಣು ಬಳಿದಿದ್ದಳು. ಅದರ ಮೇಲೆ ಬೂದಿಯ ಪದರ. ಬೂದಿಯ ಮೇಲೆ ಒಂದು ಗಡಿಗೆ, ಅದರೊಳಗೆ ಹಿಡಿ ಜೋಳ, ಹಸಿರು ಬಳೆಯ ಚೂರು. ಎಲ್ಲಕ್ಕೂ ಮೇಲೆ ಇಟ್ಟಿಗೆಯ ತುಂಡು, ತುಕ್ಕು ಹಿಡಿದ ಮೊಳೆ. ಬೇಟೆಗಾರ, ರೈತ, ಪಟ್ಟಣಿಗ: ಒಂದರ ಮೇಲೊಂದು ಮೂರು ಕಾಲ. ಯಾವ ಆಳದಲ್ಲಿ ಏನಿದೆ ಎಂಬುದನ್ನು ನೋಟುಪುಸ್ತಕದಲ್ಲಿ ಚಿತ್ರ ಬರೆದು ಗುರುತಿಸಿಕೊಂಡು, ಎರಡು ಮಳೆ ಬಿದ್ದು ಮಣ್ಣು ಕೂಡಿಕೊಳ್ಳಲಿ ಎಂದು ಮುಚ್ಚಿಬಿಟ್ಟಳು. ಮುಖ್ಯೋಪಾಧ್ಯಾಯ ಸದಾಶಿವ ಸರ್ 'ಮಾಡ್ರಿ, ಹುಡುಗ್ರು ಕಲೀಲಿ' ಎಂದು ಬಾಯಿಮಾತಿನ ಒಪ್ಪಿಗೆ ಕೊಟ್ಟಿದ್ದರು.

ಬೆನಕನ ಅಮಾವಾಸ್ಯೆಯ ಮರುದಿನ, ಸೋಮವಾರ, ಅವಳು ಶಾಲೆಗೆ ಬಂದಾಗ ಬೇವಿನ ಮರದ ಬುಡದಲ್ಲಿ ಅರ್ಧ ಊರು ನೆರೆದಿತ್ತು. ಮಗ್ಗುಲಲ್ಲಿ ಕುರಿಹಟ್ಟಿ ಹಾಕಿಕೊಂಡಿದ್ದ ಮುದುಕಿ ಹಣಮವ್ವನ ನಾಯಿ ಎಲುಬಿನ ವಾಸನೆ ಹಿಡಿದು ಮೊದಲ ಗುಂಡಿಯನ್ನು ಕೆದರಿ ಹಾಕಿತ್ತು. ಕೆಂಪು ಹತ್ತಿದ ಎಲುಬು, ಬೂದಿ, ಒಡೆದ ಗಡಿಗೆ, ಹಸಿರು ಬಳೆ. ಅದನ್ನು ಕಂಡ ಗಂಡಸರು ಹಾರೆ ತಂದು ಸುತ್ತಲೂ ಅಗೆದಿದ್ದರು. ಎರಡನೆಯ ಗುಂಡಿಯೂ ಬಾಯಿ ಬಿಟ್ಟಿತ್ತು. ಮೂರನೆಯದರ ಮೇಲೆ ಹುಲ್ಲು ಹಬ್ಬಿದ್ದರಿಂದ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

'ಎರಡ ಗಡಿಗಿ ಅದಾವ ನೋಡ್ರೆ. ಒಂದ ತಾಯಿಗೆ, ಒಂದ ಹೊಟ್ಯಾಗಿನ ಕೂಸಿಗೆ,' ಎಂದಳು ಒಬ್ಬಳು.

'ಹಸರ ಬಳಿ ಅಂದ್ರ ಕುಬಸದ ಬಳಿನ. ರಗತ ಬ್ಯಾರೆ ಸವರ್ಯಾರ.'

ಊರಿನಲ್ಲಿ ಆಗ ಸೀಮಂತದ ಕುಬಸ ಮಾಡಿಸಿಕೊಂಡ ಬಸುರಿ ಒಬ್ಬಳೇ: ಶಾಲಾ ಸಮಿತಿಯ ಅಧ್ಯಕ್ಷ ಶೆಟ್ಟೆಪ್ಪನ ಸೊಸೆ ದೀಪಾ. ಶೆಟ್ಟೆಪ್ಪನ ಮುಖ ಸುಣ್ಣದಂತಾಗಿತ್ತು. ಅವನು ನಾಯಿಯನ್ನು ಹುಡುಕುತ್ತ ಬಂದ ಹಣಮವ್ವನ ಕಡೆ ತಿರುಗಿದ.

'ಕುಬಸದ ದಿನ ಕರೀಲಾರದ ಬಾಗಲಿಗೆ ಬಂದು ಹೊಟ್ಟಿ ನೋಡಿ ಗಂಡ ಮಗ ಅಂದಾಕಿ ನೀನ ಅಲ್ಲೇನಬೇ?'

'ಅಂದ್ನೆಪಾ. ಛಲೋ ಮಾತ ಅಂದ್ರೂ ತಪ್ಪ? ನನ್ನ ನಾಯಿ ಎಲುಬಿಗೆ ಬಾಯಿ ಹಾಕಿದ್ರ ನಾ ಏನ್ ಮಾಡ್ಲಿ? ನಾಯಿಗೆ ಅಮಾಸಿ ಹುಣ್ಣಿವಿ ಗೊತ್ತಿರತಾವೇನು?'

ಯಾರೂ ನಗಲಿಲ್ಲ. ಶೆಟ್ಟೆಪ್ಪ ನಿಧಾನವಾಗಿ ಹೇಳಿದ: 'ಸಂಜಿ ಐದರ ತನಕಾ ಟೈಮ್ ಐತಿ. ಇಲ್ಲೇ, ಎಲ್ಲಾರ ಎದುರು, ಈ ಮಾಟ ನಂದು ಅಂತ ಒಪ್ಪಿಕೋ. ಇಲ್ಲಂದ್ರ ಹಟ್ಟಿ ಕಿತ್ತು ಊರ ಬಿಡಸ್ತೀವಿ. ಬಿಡಸೂದು ಹೆಂಗ ಅಂತ ಹುಡುಗ್ರಿಗೆ ಗೊತ್ತೈತಿ.' ಅವನ ಹಿಂದೆ ನಿಂತವರ ಕೈಯಲ್ಲಿ ಇನ್ನೂ ಹಾರೆ ಇತ್ತು.

'ನಂದು' ಎನ್ನುವ ಒಂದು ಮಾತು ಗುಲ್ನಾಜಳ ನಾಲಿಗೆಯ ತುದಿಯವರೆಗೂ ಬಂದು, ಅಲ್ಲಿಯೇ ಒಣಗಿತು. ಮನೆಮಾತು ಉರ್ದುವಾದರೂ ಹೆದರಿದಾಗ ಅವಳಿಗೆ ಕನ್ನಡವೇ ಬರುತ್ತಿತ್ತು. ಆ ಹೊತ್ತು ಅದೂ ಬರಲಿಲ್ಲ.

ಸದಾಶಿವ ಸರ್ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು ಕುಳಿತಿದ್ದರು. 'ಟೀಚರ್ರ, ನಾ ಒಪ್ಪಿಗಿ ಕೊಟ್ಟಿದ್ದು ಮಣ್ಣಾಗ ಆಟಾ ಆಡಸಾಕ. ಎಲುಬಿಗೆ ಕೆಂಪ ಹಚ್ಚಂತ ಹೇಳಿದ್ನೇನು? ಸುಮ್ಮ ಇರ್ರಿ. ಮೂಡಲಗಿ ಆಫೀಸಿಗೆ ಸುದ್ದಿ ಹೋದ್ರ ನಿಮ್ಮದೂ ಹೋತು, ನಂದೂ ಹೋತು.'

'ಮುದುಕಿನ ಹೊಡದ್ರ ಸರ್?'

'ಹೊಡ್ಯಾಂಗಿಲ್ಲ. ಅಂಜಸ್ತಾರ ಅಷ್ಟ.' ಹಾಗೆನ್ನುವಾಗ ಅವರು ಕಿಟಕಿಯ ಕಡೆಗೆ ನೋಡಲಿಲ್ಲ.

ನೌಕರಿ ಹೋಗುವ ಭಯಕ್ಕಿಂತ ದೊಡ್ಡದೊಂದು ಭಯ ಅವಳೊಳಗೆ ಕುಳಿತಿತ್ತು. ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಎರಡು ಮೈಲಿಯನ್ನೂ ಹೆಚ್ಚುಕಡಿಮೆ ಓಡಿಯೇ ಮೇಲವಂಕಿಯ ಮನೆ ಮುಟ್ಟಿದಳು. ಕಾಸೀಮಸಾಬ ಪಡಸಾಲೆಯಲ್ಲಿ ಬಳೆಗಳನ್ನು ದಾರಕ್ಕೆ ಪೋಣಿಸುತ್ತಿದ್ದ.

'ಅಬ್ಬಾ, ಜಂತಿ ಮ್ಯಾಲಿನ ಡಬ್ಬಿ ನೋಡಿಯೇನು?' ಎಂದು ತಂದೆಯನ್ನು ಕೇಳಿದಳು.

ಬಳೆಗಾರನಾಗಿ ಅವನೊಂದು ನೇಮ ಪಾಲಿಸುತ್ತಿದ್ದ. ಬಸುರಿಯ ಕೈಗೆ ಬಳೆ ಏರಿಸುವಾಗ ಒಂದು ಒಡೆದರೆ ಅದರ ಚೂರನ್ನು ನೆಲಕ್ಕೆ ಬೀಳಗೊಡದೆ, ಆ ಮನೆಯಲ್ಲಿಯೂ ಬಿಡದೆ, ಸೊಂಟದ ವಸ್ತ್ರದಲ್ಲಿ ಕಟ್ಟಿಕೊಂಡು ಬಂದು ಒಂದು ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದ. ಘಟಪ್ರಭೆಯ ಕಡೆ ಹೋದಾಗ ಹರಿಯುವ ನೀರಿಗೆ ಬಿಡುತ್ತಿದ್ದ. ಅವನ ತಂದೆಯೂ ಹೀಗೆಯೇ ಮಾಡುತ್ತಿದ್ದನಂತೆ. ಗುಂಡಿಗೆ ಚೂರು ಬೇಕಾದಾಗ ಗುಲ್ನಾಜ ಕೇಳದೆ ಕೈ ಹಾಕಿದ್ದು ಆ ಡಬ್ಬಿಗೆ. ಅಂದು ಅದರಲ್ಲಿದ್ದುದು ಒಂದೇ ಕುಬಸದ ಬಳೆ.

ಅವಳು ಎಲ್ಲವನ್ನೂ ಹೇಳಿದಳು. ಕಾಸೀಮಸಾಬನ ಕೈಯಿಂದ ದಾರ ಜಾರಿತು. ಬಳೆಗಳು ಸಾಲಾಗಿ ಚಾಪೆಯ ಮೇಲೆ ಉರುಳಿದವು. ಆರಿಸಿಕೊಳ್ಳಲು ಅವನು ಬಾಗಲಿಲ್ಲ.

'ದೀಪಾನ ಚೂರೇನು?' ಎಂದ. ಆಮೇಲೆ, 'ಸಂತ್ಯಾಗಿಂದು ಅಂದ್ರ ನಂಬತಾರ. ಬಳಿ ಕಾಜಿನ ಮ್ಯಾಲ ಯಾರ ಹೆಸರೂ ಇರಂಗಿಲ್ಲ.'

'ನಂಬಲಿಲ್ಲಂದ್ರ?'

'ನಂಬಲಿಲ್ಲಂದ್ರ ಈ ಸೀಮ್ಯಾಗ ಯಾವ ಹೆಣಮಗಳೂ ನನ್ನ ಕೈಯಾಗ ಕೈ ಕೊಡಂಗಿಲ್ಲ ಬೇಟಿ. ಕೊಟ್ಟಾಕಿಗೆ ಒಂದು ನೆಗಡಿ ಬಂದ್ರೂ ಕಾಸೀಮಸಾಬನ ಕೈ ಅಂತಾರ.' ಅವನು ತನ್ನ ಅಂಗೈಗಳನ್ನು ಬೇರೆ ಯಾರದೋ ಎಂಬಂತೆ ತಿರುಗಿಸಿ ನೋಡಿಕೊಂಡ. 'ಹಣಮವ್ವನ ಮದಿವ್ಯಾಗ ನಮ್ಮಪ್ಪ ಬಳಿ ಇಡಸಿದ್ದ. ನಾ ಪೆಟಗಿ ಹೊತಗೊಂಡು ಬಾಜೂಕ ನಿಂತಿದ್ದೆ. ಆಕಿ ಗಂಡ ಸತ್ತ ಮ್ಯಾಲ ನಾ ಆ ಹಟ್ಟಿ ಕಡೆ ಹೋಗೇ ಇಲ್ಲ.'

ಹೇಳು ಎಂದೂ ಹೇಳಬೇಡ ಎಂದೂ ಅವನು ಹೇಳಲಿಲ್ಲ. ಗುಲ್ನಾಜ ಒಬ್ಬಳೇ ತಿರುಗಿ ಹೋದಳು.

ಐದು ಗಂಟೆಗೆ ಹಣಮವ್ವನನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ್ದರು. ಅವಳ ನಾಯಿಯನ್ನು ಗಿಡಕ್ಕೆ ಕಟ್ಟಿ ಹಾಕಿದ್ದರು. ಅದು ಬೊಗಳುವುದನ್ನೂ ಬಿಟ್ಟು ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡಿತ್ತು. ಶಾಲೆ ಬಿಟ್ಟರೂ ಮನೆಗೆ ಹೋಗದ ಮಕ್ಕಳು ಗೋಡೆಯ ಮೇಲೆ ಸಾಲಾಗಿ ಕುಳಿತಿದ್ದರು. ದೀಪಾಳನ್ನೂ ಕರೆತಂದು ಕುರ್ಚಿಯಲ್ಲಿ ಕೂಡಿಸಿದ್ದರು. ಬೆಳಗಿನಿಂದ ಅವಳು ಏನೂ ತಿಂದಿಲ್ಲವೆಂದು ಹೆಂಗಸರು ಆಡಿಕೊಳ್ಳುತ್ತಿದ್ದರು.

'ಗಡಿಗಿ ನನ್ನವು,' ಎಂದಳು ಗುಲ್ನಾಜ.

ತನ್ನ ದನಿ ತನಗೇ ಕೇಳಿಸದೆ ಅವಳು ಇನ್ನೊಮ್ಮೆ ಹೇಳಿದಳು. 'ಮಾಟ ಅಲ್ರಿ ಅದು. ಪಾಠ. ಆದಿಮಾನವನ ಪಾಠ.'

'ಮುದುಕಿ ಉಳಸಾಕ ಸುಳ್ಳ ಹೇಳಬ್ಯಾಡ್ರಿ ಟೀಚರ್ರ,' ಎಂದ ಶೆಟ್ಟೆಪ್ಪ. 'ಎಲುಬಿಗೆ ರಗತ ಹಚ್ಚಿ ಯಾವ ಸಾಲ್ಯಾಗ ಪಾಠಾ ಮಾಡ್ತಾರ?'

'ರಗತ ಅಲ್ಲ, ಕೆಮ್ಮಣ್ಣು. ನೀವು ತಗದಿದ್ದು ಎರಡ ಗುಂಡಿ. ಮೂರನೇದು ಅಲ್ಲೈತಿ, ಆ ಹುಲ್ಲಿನ ತಳಗ. ಅದನ್ನ ಯಾರೂ ಮುಟ್ಟಿಲ್ಲ. ತಗೀರಿ. ಎಷ್ಟ ಗೇಣಿಗೆ ಏನ ಬರ್ತೈತಿ ಅಂತ ಮದಲ ಹೇಳ್ತೀನಿ. ಒಂದ ತಪ್ಪಿದ್ರೂ ನೀವು ಹೇಳಿದಂಗ ಕೇಳ್ತೀನಿ.'

ಮೂರನೆಯ ಗುಂಡಿಯ ಮಾತು ಕೇಳಿದ್ದೇ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಗುಲ್ನಾಜ ಗುರುತು ಬರೆದಿಟ್ಟಿದ್ದ ನೋಟುಪುಸ್ತಕದ ಪುಟ ತೆರೆದಳು. ಅವಳು ಅದನ್ನು ಗೋಡೆಯ ಮೇಲಿದ್ದ ಆರನೆಯ ತರಗತಿಯ ತಮನ್ನಾಳಿಗೆ ಕೊಟ್ಟಳು. ಹುಡುಗಿ ಪರೀಕ್ಷೆಗೆ ನಿಂತವಳಂತೆ ಗಂಟಲು ಸರಿಮಾಡಿಕೊಂಡಳು.

'ಒಂದು ಗೇಣು. ಇಟ್ಟಿಗೆ ತುಂಡು. ಮೊಳೆ.'

ಹಾರೆ ಇಳಿಯಿತು. ಇಟ್ಟಿಗೆ ಬಂದಿತು. ಮೊಳೆ ಬರಲಿಲ್ಲ. ಅಗೆಯುವವನು ಮಣ್ಣನ್ನು ಕೈಯಲ್ಲಿ ಹಿಸುಕಿ ಹಿಸುಕಿ ನೋಡಿದ. ಜನ ಗುಜುಗುಜು ಎನ್ನತೊಡಗಿದರು. ಒಂದು ಮೊಳೆ! ಅಷ್ಟು ಚಿಕ್ಕ ವಸ್ತುವಿನ ಮೇಲೆ ಒಬ್ಬ ಮುದುಕಿಯ ಮೈಮೂಳೆಗಳೆಲ್ಲ ನಿಂತಿರಬಹುದೆಂದು ಹೂಳುವಾಗ ಅವಳು ಎಣಿಸಿಯೇ ಇರಲಿಲ್ಲ. ಇಟ್ಟಿಗೆಯನ್ನು ತಿರುವಿ ಹಾಕಿದಾಗ ಅದರ ಬೆನ್ನಿಗೆ ತುಕ್ಕಿನೊಂದಿಗೆ ಮೆತ್ತಿಕೊಂಡ ಮೊಳೆ ಕಂಡಿತು.

'ಎರಡು ಗೇಣು. ಗಡಿಗೆ. ಒಳಗೆ ಜೋಳ, ಬಳೆ ಚೂರು.'

ಗಡಿಗೆ ಇಡಿಯಾಗಿಯೇ ಬಂದಿತು. ಬಾಯಿಗೆ ಮುಚ್ಚಿದ್ದ ಹೆಂಚನ್ನು ಸರಿಸಿದರೆ, ಮಳೆಯ ತೇವ ಕುಡಿದ ಜೋಳ ಕತ್ತಲಲ್ಲಿಯೇ ಮೊಳೆತು, ಬೆಳ್ಳಗಿನ ಸಸಿಗಳು ಬಳೆಯ ಚೂರುಗಳ ನಡುವಿನಿಂದ ತಲೆ ಎತ್ತಿದ್ದವು.

ಹಣಮವ್ವ ಬಾಗಿ ನೋಡಿ, ಬೆಳಗಿನ ಆ ಮಾತಿನ ನಂತರ ಮೊದಲ ಸಲ ಬಾಯಿ ತೆರೆದಳು. 'ಶೆಟ್ಟೆಪ್ಪಾ, ಮಾಟದ ಗಡಿಗ್ಯಾಗ ಕಾಳ ನಾಟತಾವೇನಪಾ? ನಾಟೂದಾದ್ರ ನನ್ನ ಹಟ್ಟಿ ಸುತ್ತಾ ಹುಗದ ಬಿಡು, ಕುರಿಗೆ ಮೇವಾದ್ರೂ ಆಕ್ಕೈತಿ.'

ಗೋಡೆಯ ಮೇಲೆ ಒಂದು ಮಗು ಕಿಸಕ್ಕನೆ ನಕ್ಕಿತು. ಆಮೇಲೆ ಒಬ್ಬ ಹೆಂಗಸು. ಮೂರು ಗೇಣಿಗೆ ಬೂದಿ, ಎಲುಬು, ಕಲ್ಲಿನ ಚಕ್ಕೆ ಎಲ್ಲವೂ ಬಂದವು. ತಮನ್ನಾ ಎಲುಬಿನ ಕೆಂಪನ್ನು ಅಂಗೈಗೆ ತಿಕ್ಕಿ ಎಲ್ಲರಿಗೂ ತೋರಿಸಿದಳು. ಯಾರೋ ನಾಯಿಯ ಹಗ್ಗ ಬಿಚ್ಚಿದರು. ಎಲ್ಲ ಮುಗಿಯಿತೆಂದು ಗುಲ್ನಾಜ ಉಸಿರು ಬಿಡುವಷ್ಟರಲ್ಲಿ ದೀಪಾ ಕೇಳಿದಳು:

'ಬಳಿ ಯಾವು ಅಕ್ಕಾರ? ಎಲ್ಲಿಂದ ತಂದ್ರಿ?'

ಸಂತ್ಯಾಗಿಂದು ಎಂಬ ಒಂದು ಪದ ಸಾಕಿತ್ತು. ದೀಪಾ ಒಂದು ಕೈಯಿಂದ ಇನ್ನೊಂದು ಕೈಯ ಬಳೆಗಳನ್ನು ಅಲುಗದ ಹಾಗೆ ಒತ್ತಿ ಹಿಡಿದಿದ್ದಳು. ಬೆಳಗಿನಿಂದಲೂ ಹಾಗೆಯೇ ಹಿಡಿದಿರಬೇಕು, ಬೆರಳುಗಳು ಬೆಳ್ಳಗಾಗಿದ್ದವು. ಸುಳ್ಳು ಹೇಳಿದರೆ ಈ ಹುಡುಗಿ ಹೆರುವ ತನಕ ಅದನ್ನು ಅರ್ಧ ನಂಬಿ ಅರ್ಧ ಬಿಟ್ಟು ಒಳಗೊಳಗೇ ಬೇಯುತ್ತಾಳೆ ಎಂದು ಗುಲ್ನಾಜಳಿಗೆ ಅನಿಸಿತು.

'ನಿನ್ನವ ದೀಪಾ. ಕುಬಸದಾಗ ಒಂದ ಒಡೀತಲ್ಲ, ಆ ಚೂರು. ಅಬ್ಬಾ ಹೊಳಿಗೆ ಬಿಡಾಕ ಇಟ್ಟಿದ್ದರು. ಕೇಳದ ತಗೊಂಡಿದ್ದು ನಾನು. ಅವರ ತಪ್ಪಿಲ್ಲ.'

ನಗು ನಿಂತಿತು. ದೀಪಾ ಚೂರುಗಳನ್ನು ನೋಡಿದಳು, ತನ್ನ ಕೈಯನ್ನು ನೋಡಿದಳು. ಶೆಟ್ಟೆಪ್ಪ ಗಡಿಗೆಯನ್ನು ಹೆಂಚಿನ ಸಮೇತ ಎತ್ತಿ ಗುಲ್ನಾಜಳ ಕೈಗೆ ಕೊಟ್ಟ. 'ಮುದುಕಿ ಹೋಗ್ಲಿ. ನಿಮ್ಮದು ಸಾಲಿ ವಿಚಾರ, ಆಮ್ಯಾಲ ನೋಡೂಣು. ಖರೆ ನಿಮ್ಮಪ್ಪ ಇನ್ನ ನಮ್ಮ ಓಣಿಗೆ ಬರೂದು ಬ್ಯಾಡ.'

ಮರುದಿನವೇ ದೀಪಾಳನ್ನು ಹುಕ್ಕೇರಿಯ ತವರಿಗೆ ಕಳುಹಿಸಿದರು. ಚೂರುಗಳನ್ನು ಕಾಸೀಮಸಾಬ ತಾನೇ ಹೊಳೆಗೆ ಬಿಟ್ಟು ಬಂದ, ಮಗಳನ್ನು ಬಯ್ಯಲಿಲ್ಲ. ಅವನ ಪೆಟ್ಟಿಗೆ ಆ ಊರಿಗೆ ಹೋಗುವುದು ನಿಂತಿತು. ಆಮೇಲೆ, ಯಾರೂ ಹೇಳದಿದ್ದರೂ, ಮಗ್ಗುಲಿನ ಎರಡು ಊರುಗಳಲ್ಲಿಯೂ ಬಾಗಿಲುಗಳು ಅರ್ಧ ತೆರೆದು ಮುಚ್ಚಿಕೊಂಡವು. ದೀಪಾಳ ಮಗು ಕ್ಷೇಮವಾಗಿ ಹುಟ್ಟುವ ತನಕ ತೀರ್ಪು ಬಾಕಿಯಿತ್ತು. ಎರಡು ತಿಂಗಳು ಗುಲ್ನಾಜ ಕಾದಳು. ಹಗಲು ಸಿಂಧೂ ಬಯಲಿನ ಪಟ್ಟಣಗಳ ಪಾಠ ಮಾಡುವಳು: ನೇರವಾದ ಬೀದಿ, ಮುಚ್ಚಿದ ಚರಂಡಿ, ಶಂಖದ ಬಳೆ. ಬಳೆ ಎಂಬ ಪದ ಬಂದಲ್ಲೆಲ್ಲ ಅವಳ ಕೈಯ ಸೀಮೆಸುಣ್ಣ ಒಂದು ಕ್ಷಣ ನಿಲ್ಲುತ್ತಿತ್ತು. ಸತ್ತವರ ಪಕ್ಕದಲ್ಲಿ ಗಡಿಗೆ ಇಟ್ಟವರು ಪ್ರೀತಿಯಿಂದ ಇಟ್ಟರು ಎಂದು ಇಷ್ಟು ವರ್ಷ ಅವಳು ಹೇಳಿಕೊಡುತ್ತಿದ್ದಳು. ಈಗ, 'ಹೆದರಿಕೆಯಿಂದಲೂ ಇದ್ದೀತು' ಎಂದು ಸೇರಿಸತೊಡಗಿದಳು.

ದೀಪಾವಳಿಯ ರಜೆ ಮುಗಿದ ವಾರ, ಎರಡನೆಯ ಅವಧಿಯಲ್ಲಿ, ಮೇಜಿನ ಮೇಲಿದ್ದ ಫೋನು ನಡುಗಿತು. ತೆರೆಯ ಮೇಲೆ ಶೆಟ್ಟೆಪ್ಪನ ಹೆಸರು. ನಲವತ್ತು ಮಕ್ಕಳು ಅವಳನ್ನೇ ನೋಡುತ್ತಿದ್ದರು. ಒಮ್ಮೆ ಬಡಿದು ನಿಂತಿತು. ಮತ್ತೆ ಬಡಿಯಿತು.

'ಟೀಚರ್ರ, ನಿಮ್ಮಪ್ಪಗ ಫೋನ್ ಹತ್ತವಲ್ದು,' ಎಂದಿತು ದನಿ. 'ಎಲ್ಲಿ ಅದಾನ?'

'ಗೋಕಾಕಕ್ಕ ಹೋಗ್ಯಾರ್ರಿ. ಯಾಕ್ರಿ?'

'ದೃಷ್ಟಿಗೆ ಕರಿಬಳಿ ಬೇಕಾಗ್ಯಾವ. ಕೂಸಿನ ಕೈ ಭಾಳ ಸಣ್ಣು, ಅಂಥಾವ ಹುಡುಕಿ ತರಾಕ ಹೇಳ್ರಿ. ಐದನೇ ದಿನಕ್ಕ ಹುಕ್ಕೇರಿಗೆ ಬರಬೇಕು. ಕಾಸೀಮಕಾಕಾನ ಬೇಕಂತ ದೀಪಾ ಹಟಾ ಹಿಡದಾಳ.' ಶೆಟ್ಟೆಪ್ಪ ದನಿ ತಗ್ಗಿಸಿದ. 'ಮತ್ತ, ಒಂದ ಒಡದ್ರ ಚೂರು ಅಲ್ಲೇ ನಮ್ಮ ಕೈಯಾಗ ಕೊಡ್ಲಿ. ಮನಿಗೆ ಒಯ್ಯೂದು ಬ್ಯಾಡ.'

ಅವಳು ಹೂಂ ಎಂದಳು. ಗಂಡೋ ಹೆಣ್ಣೋ ಎಂದು ಕೇಳುವುದೂ ಮರೆತುಹೋಯಿತು. 'ಏನಾತ್ರಿ ಟೀಚರ್ರ?' ಎಂದು ತಮನ್ನಾ ಎದ್ದು ನಿಂತಾಗ, ಏನಿಲ್ಲ ಕುಂದ್ರು ಎಂದು ಕೈಸನ್ನೆ ಮಾಡಿ, ಕಿಟಕಿಯ ಕಡೆ ಮುಖ ತಿರುಗಿಸಿದಳು.

ಬೇವಿನ ಮರದಾಚೆ ಮೂರು ಗುಂಡಿಗಳೂ ಮುಚ್ಚಿ ಹುಲ್ಲು ಸಮನಾಗಿತ್ತು. ಹಟ್ಟಿಯಿದ್ದ ಜಾಗ ಮಾತ್ರ ಇನ್ನೂ ಬೋಳಾಗಿತ್ತು. ಊರು ಬಿಡು ಎಂದು ಆಮೇಲೆ ಯಾರೂ ಹೇಳಿರಲಿಲ್ಲ. ಆದರೂ ಗುಂಡಿ ತೆಗೆದ ಆ ವಾರವೇ ಹಣಮವ್ವ ಕುರಿಗಳನ್ನು ಹೊಡೆದುಕೊಂಡು, ನಾಯಿಯನ್ನು ಹಗ್ಗದಲ್ಲಿ ಹಿಡಿದು, ಕೌಜಲಗಿಯ ದಾರಿ ಹಿಡಿದಿದ್ದಳು.